ಹೊಸ ಕಾರ್ಡ್ ಇಟ್ಟು ಹೋದ ಕಳ್ಳ

ಹನ್ನೊಂದನೇ ತಾರೀಖು ಬೆಳಿಗ್ಗೆ 10.20ಕ್ಕೆ ಫೋಟೊಗ್ರಫಿ ಕ್ಲಾಸಿನ ಟೀಚರಮ್ಮ ಠಾಣೆಗೆ ಬಂದು ದೂರು ಕೊಟ್ಟರು. ಕ್ಲಾಸಿನ ಕ್ಯಾಮೆರಾದಿಂದ ಮೆಮೊರಿ ಕಾರ್ಡ್ ಕಳವಾಗಿತ್ತು. ಅವರ ಅಜ್ಜಿ ಕಣ್ಣಿನ ಆಪರೇಷನ್ ಮಾಡಿಸಿಕೊಂಡು, ಪಟ್ಟಿ ಬಿಚ್ಚಿದ ಕೂಡಲೇ ಮರಿಮಗಳ ಮುಖವನ್ನು ಮೊದಲ ಸಲ ಕಂಡ ಗಳಿಗೆಯ ಫೋಟೊಗಳು ಅದರಲ್ಲಿದ್ದವು. ಬೇರೆಲ್ಲೂ ಪ್ರತಿ ಇರಲಿಲ್ಲ.

"ಕ್ಯಾಮೆರಾ?" ಇನ್‌ಸ್ಪೆಕ್ಟರ್ ಕೇಳಿದರು.

"ಇದೆ ಸಾರ್. ಒಳಗೆ ಹೊಸ ಕಾರ್ಡ್ ಬೇರೆ ಹಾಕಿದ್ದಾರೆ."

ಮೂವತ್ತು ವರ್ಷದ ಸರ್ವಿಸಿನಲ್ಲಿ ಇಂಥ ಮರ್ಯಾದಸ್ಥ ಕಳ್ಳನನ್ನು ಇನ್‌ಸ್ಪೆಕ್ಟರ್ ಕಂಡಿರಲಿಲ್ಲ. ಎಫ್‌ಐಆರ್ ದಾಖಲಿಸಿ, ಪೇದೆಯನ್ನು ಕರೆದುಕೊಂಡು ಹೊರಟರು.

11.45ಕ್ಕೆ ಕ್ಲಾಸಿನಲ್ಲಿ ಪಂಚನಾಮೆ. ಕ್ಯಾಮೆರಾ ಇಡುವ ಗಾಜಿನ ಬೀರುವಿನ ಬೀಗ ಮುರಿದಿರಲಿಲ್ಲ. ಬೀಗದ ಕೈ ಪಕ್ಕದ ಮೊಳೆಯಲ್ಲೇ ನೇತಾಡುತ್ತಿತ್ತು. ಕ್ಲಾಸಿನ ಹದಿನಾಲ್ಕು ಮಂದಿಗೂ ಅದು ಗೊತ್ತು. ಹೊಸ ಕಾರ್ಡಿನಲ್ಲಿ ಒಂದೇ ಒಂದು ಫೋಟೊ, ಅದೂ ಕಾಡಿಗೆ ಬಳಿದಂತೆ ಕಪ್ಪು.

"ಬೆಳಕು ಸಾಲದೆ ಕೆಟ್ಟಿದೆ ಸಾರ್."

"ಈಗ ಬೆಳಕು ಮಾಡೋಕಾಗುತ್ತಾ?"

ಟೀಚರಮ್ಮ ಫೋಟೊವನ್ನು ಕಂಪ್ಯೂಟರಿನಲ್ಲಿ ತೆರೆದು, ಮೌಸನ್ನು ಇನ್‌ಸ್ಪೆಕ್ಟರ್ ಕೈಗೇ ಕೊಟ್ಟರು. "ಈ ಗೀಟಿನ ಮೇಲಿರೋ ಚುಕ್ಕೇನ ಬಲಕ್ಕೆ ಎಳೀರಿ. ನಿಧಾನ."

ಇನ್‌ಸ್ಪೆಕ್ಟರ್ ಉಸಿರು ಬಿಗಿಹಿಡಿದು ಎಳೆದರು. ಕತ್ತಲೊಳಗಿಂದ ಮೊದಲು ಬೀರು ಕಾಣಿಸಿತು. ಆಮೇಲೆ ಅದರ ಗಾಜಿನಲ್ಲಿ, ಕ್ಯಾಮೆರಾದ ಹಿಂದೆ ಮುಖ ಮರೆಯಾದ ಒಬ್ಬ ಮನುಷ್ಯ. ಕೊರಳಲ್ಲಿ ಅಳತೆ ಟೇಪು. ಕೇಸು ಮರೆತು ಇನ್‌ಸ್ಪೆಕ್ಟರ್ ಹಿಗ್ಗಿಹೋದರು.

"ಬಂತು ಕಣಯ್ಯಾ!" ಎಂದು ಪೇದೆಯ ಬೆನ್ನಿಗೆ ಗುದ್ದಿದರು.

"ಅಯ್ಯೋ, ನಮ್ಮ ಕ್ಲಾಸಿನ ಟೈಲರ್ ಮಾಮ!" ಎಂದರು ಟೀಚರಮ್ಮ.

2.10ಕ್ಕೆ ಟೈಲರ್ ಅಂಗಡಿ.

"ಕಾರ್ಡ್ ತೆಗೆದಿದ್ದು ನೀವಾ?"

"ಹೌದು ಸಾರ್. ನಿನ್ನೆ ಅಭ್ಯಾಸ ಮಾಡ್ತಾ ಏನೋ ಒತ್ತಿಬಿಟ್ಟೆ, ಎಲ್ಲಾ ಅಳಿಸಿಹೋಯ್ತು. ಅದರಲ್ಲೇ ಇನ್ನೊಂದು ಫೋಟೊ ತೆಗೆದ್ರೆ ಹಳೇದು ವಾಪಸ್ ಸಿಗಲ್ಲ ಅಂತ ಮೇಡಮ್ಮೇ ಹೇಳಿದ್ರಲ್ಲ? ಅದಕ್ಕೇ ಎತ್ಕೊಂಡು ಕಂಪ್ಯೂಟರ್ ರಿಪೇರಿಯವನಿಗೆ ಕೊಟ್ಟೆ. ಇವತ್ತು ಬೆಳಿಗ್ಗೆ ಹೊಸದು ಹಾಕಿ ಒಂದು ತೆಗೆದು ನೋಡಿದೆ."

"ಬಾಯಿಬಿಟ್ಟು ಹೇಳೋಕೇನಾಗಿತ್ತು?"

ಟೈಲರ್ ತಲೆ ತಗ್ಗಿಸಿದರು. "ಐವತ್ತೆಂಟಕ್ಕೆ ಕ್ಲಾಸಿಗೆ ಸೇರಿದೀನಿ ಸಾರ್. ಈ ವಯಸ್ಸಲ್ಲಿ ನಿಮಗ್ಯಾಕೆ ಇದೆಲ್ಲ ಅಂತ ಕಳಿಸಿಬಿಟ್ರೆ?"

2.40ಕ್ಕೆ ದಸ್ತಗಿರಿ. ರಿಪೇರಿ ಅಂಗಡಿಯಿಂದ ಕಾರ್ಡ್ ಜಪ್ತಿಯಾಯಿತು. ತೊಂಬತ್ತಾರು ಫೋಟೊಗಳಲ್ಲಿ ತೊಂಬತ್ತಮೂರು ಮರಳಿ ಸಿಕ್ಕಿದ್ದವು. ಒಂದರಲ್ಲಿ ಅಜ್ಜಿ ಮರಿಮಗಳ ಕೆನ್ನೆಗಳನ್ನು ಎರಡೂ ಕೈಯಲ್ಲಿ ಹಿಡಿದು ಬಾಯ್ತುಂಬ ನಗುತ್ತಿದ್ದರು. ಪೇದೆಯೂ ಬಗ್ಗಿ ನೋಡಿ ನಕ್ಕ.

ಠಾಣೆಯಲ್ಲಿ ಜಾಮೀನಿಗೆ ಸಹಿ ಹಾಕಿ ಟೈಲರ್ ಟೀಚರಮ್ಮನ ಕಡೆ ತಿರುಗಿದರು. "ನಾನಿನ್ನು ಕ್ಲಾಸಿಗೆ ಬರಲ್ಲಮ್ಮಾ."

"ಅಳಿಸಿಹೋದ ಕಾರ್ಡಲ್ಲಿ ಮತ್ತೆ ಫೋಟೊ ತೆಗೀಬಾರದು ಅಂತ ಹದಿನಾಲ್ಕು ಜನಕ್ಕೆ ಪಾಠ ಹೇಳಿದ್ದೆ ಮಾಮ. ನೆನಪಿಟ್ಕೊಂಡೋರು ನೀವೊಬ್ರೇ. ನಾಳೆ ಬರದಿದ್ರೆ ಇನ್ನೊಂದು ದೂರು ಕೊಡ್ತೀನಿ."

ಟೈಲರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಇನ್‌ಸ್ಪೆಕ್ಟರ್ ಕೇಸ್ ಡೈರಿ ಎಳೆದುಕೊಂಡು, ಕೃತ್ಯಕ್ಕೆ ಕಾರಣ ಎಂಬಲ್ಲಿ ಬರೆದರು: ಕಲಿಯುವುದನ್ನು ಎಲ್ಲಿ ನಿಲ್ಲಿಸಿಬಿಡುತ್ತಾರೋ ಎಂಬ ಭಯ.