ಸ್ಕೆಗ್ನೆಸ್‌ಗೆ ಹೊರಟ ಏಳು ಪಾಸ್‌ಪೋರ್ಟ್‌ಗಳು

2024ರ ಜೂನ್ 16, ಭಾನುವಾರ ಸಂಜೆ 5.40ಕ್ಕೆ ಸ್ವೀಡನ್‌ನ ಗೋಥೆನ್‌ಬರ್ಗ್ ಪೊಲೀಸರಿಗೆ ದೂರು ಬಂತು. ಹಿಸಿಂಗೆನ್ ಭಾಗದ ನೆಲಮಹಡಿಯ ಫ್ಲ್ಯಾಟ್‌ನಲ್ಲಿ ಬಾಲ್ಕನಿ ಬಾಗಿಲು ಮೀಟಿ ಕಳ್ಳತನವಾಗಿತ್ತು. ಹೋದದ್ದು ಒಂದೇ ಒಂದು ಲಕೋಟೆ. ಅದರಲ್ಲಿ ಎರಡು ಕುಟುಂಬಗಳ ಏಳು ಭಾರತೀಯ ಪಾಸ್‌ಪೋರ್ಟ್‌ಗಳಿದ್ದವು. ದೂರು ಕೊಟ್ಟವನು ಸುದರ್ಶನ್, ನಲವತ್ತೊಂದು ವರ್ಷ, ಬೆಂಗಳೂರಿನಿಂದ ಬಂದ ಸಾಫ್ಟ್‌ವೇರ್ ಎಂಜಿನಿಯರ್. ಊರಿನಲ್ಲಿ ಎಫ್‌ಐಆರ್ ಎನ್ನುವ ಕಾಗದಕ್ಕೆ ಇಲ್ಲಿ ಬೇರೆ ಹೆಸರು, ಅಷ್ಟೇ.

ಕಡತ ಇನ್‌ಸ್ಪೆಕ್ಟರ್ ವರ್ಷಾಳ ಮೇಜಿಗೆ ಬಂದದ್ದು ಭಾಷೆಯ ಕಾರಣಕ್ಕೆ. ಅವಳ ತಂದೆ ರಾಜಗೋಪಾಲ ಸಂಶೋಧನೆಗೆಂದು ಲುಂಡ್‌ಗೆ ಬಂದು ಅಲ್ಲೇ ಉಳಿದವರು. ಅವಳು ಹುಟ್ಟಿದ್ದು ಸ್ವೀಡನ್‌ನಲ್ಲಿ, ಬೈಸಿಕೊಂಡದ್ದು ಕನ್ನಡದಲ್ಲಿ.

ಸಂಜೆ 7.15ಕ್ಕೆ ಸ್ಥಳ ಮಹಜರು ಶುರುವಾಯಿತು. ಇನ್ನೂ ಮಧ್ಯಾಹ್ನದಂಥ ಬಿಸಿಲು. ಬೆಳಿಗ್ಗೆ ಮಳೆ ಬಂದು ಬಾಲ್ಕನಿಯಾಚೆಯ ಹೂವಿನ ಪಾತಿಯೆಲ್ಲ ಕೆಸರಾಗಿತ್ತು. ಒಳಗಿನ ಚಾಪೆಯ ಮೇಲೆ ಮಾತ್ರ ಮಣ್ಣಿನ ಗುರುತಿರಲಿಲ್ಲ.

"ಕಳ್ಳ ಶೂ ಬಿಚ್ಚಿಟ್ಟು ಬಂದಿದ್ದಾನೆ," ಎಂದ ಜೊತೆಗಿದ್ದ ಪೊಲೀಸ್ ಎರಿಕ್, ಸ್ವೀಡಿಶ್‌ನಲ್ಲಿ. "ನಮ್ಮ ದೇಶದ ಕಳ್ಳರೂ ಶಿಸ್ತಿನವರು."

ಲಕೋಟೆ ಇದ್ದದ್ದು ಅಡುಗೆಮನೆಯ ಮೇಲಿನ ಕಪಾಟಿನಲ್ಲಿ, ದೇವರ ವಿಗ್ರಹಗಳ ಹಿಂದೆ. ಮಗಳು ನೇಹಾ ಕೈ ಹಾಕದ ಜಾಗ ಮನೆಯಲ್ಲಿ ಅದೊಂದೇ ಎಂದಳು ಸುದರ್ಶನ್‌ನ ಹೆಂಡತಿ ಶೋಭನಾ. ಈಗ ಕಪಾಟು ಖಾಲಿ. ಕೆಳಗಿನ ಕಟ್ಟೆಯ ಮೇಲೆ ಒಗೆದು ಮಡಿಸಿದ ಬಿಳಿ ಪಂಚೆ ಹಾಸಿತ್ತು. ಅದರ ಮೇಲೆ ಗಣಪತಿ, ವೆಂಕಟರಮಣ, ಪಕ್ಕದಲ್ಲಿ ದೀಪ. ದೀಪದಲ್ಲಿ ಎಣ್ಣೆ ಇದ್ದ ಹಾಗೇ ಇತ್ತು.

"ಇದನ್ನ ಯಾರಾದ್ರೂ ಮುಟ್ಟಿದ್ರಾ?"

"ಇಲ್ಲ ಮೇಡಂ. ಬಂದಾಗ ಹೀಗೇ ಇತ್ತು," ಎಂದಳು ಶೋಭನಾ.

ವರ್ಷಾ ನಾಲ್ಕು ಫೋಟೊ ತೆಗೆದುಕೊಂಡಳು. ಎರಿಕ್ 'ವಸ್ತುಗಳು ಅಚ್ಚುಕಟ್ಟಾಗಿವೆ' ಎಂದಷ್ಟೇ ಬರೆದುಕೊಂಡ.

ಫ್ರಿಜ್ ಬಾಗಿಲ ತುಂಬ ಕಾಗದ. ಇಂಗ್ಲೆಂಡಿನ ಸ್ಕೆಗ್ನೆಸ್ ಎಂಬ ಹಳೆಯ ಕಡಲೂರಿನಲ್ಲಿ ಜುಲೈ 4ರಿಂದ 11ರವರೆಗೆ ಟೆಂಟ್ ವಾಸ. ಪಕ್ಕದ ಬೀದಿಯ ಸಂದೀಪ್, ಅವನ ಹೆಂಡತಿ ಮಧುಶ್ರೀ, ಅವರ ಇಬ್ಬರು ಮಕ್ಕಳೂ ಸೇರಿ ಏಳು ಜನ. ಎಲ್ಲರ ವೀಸಾ ಒಟ್ಟಿಗೇ ಮಾಡಿಸಿದ್ದರಿಂದ ಪಾಸ್‌ಪೋರ್ಟ್‌ಗಳೂ ಒಂದೇ ಲಕೋಟೆಯಲ್ಲಿ ಇಲ್ಲೇ ಇದ್ದವು. ಪಟ್ಟಿಯಲ್ಲಿ ಮಲಗುವ ಚೀಲ, ರೇನ್‌ಕೋಟ್, ಗ್ಯಾಸ್ ಸ್ಟವ್, ಪುಟ್ಟ ಕುಕ್ಕರ್, ಪುಳಿಯೋಗರೆ ಗೊಜ್ಜು. ಕೊನೆಯಲ್ಲಿ ಮಗುವಿನ ಅಕ್ಷರದಲ್ಲಿ ಸ್ವೀಡಿಶ್‌ನ ಒಂದು ಸಾಲು: ಮರಳಿನ ಮೇಲೆ ಕತ್ತೆ ಸವಾರಿ, ಎರಡು ಸಲ.

"ಜನವರಿಯಿಂದ ಪ್ಲಾನ್ ಮಾಡ್ತಿದೀನಿ," ಎಂದಳು ಶೋಭನಾ. "ಮೂರು ವರ್ಷದಿಂದ ಒಂದು ಟ್ರಿಪ್ ಇಲ್ಲ. ಪ್ರತಿ ಸಲ ಇವರಿಗೆ ರಜಾ ಸಿಗಲ್ಲ. ಈ ಸಲ ಹೇಳಿಬಿಟ್ಟಿದ್ದೆ, ನೀವು ಬರದಿದ್ರೆ ನಾನೂ ನೇಹಾನೂ ಹೋಗ್ತೀವಿ ಅಂತ."

ಸುದರ್ಶನ್ ಕಿಟಕಿಯಾಚೆ ನೋಡುತ್ತಿದ್ದ.

ಸೋಮವಾರ ಬೆಳಿಗ್ಗೆ 9ಕ್ಕೆ ಸಂದೀಪ್, ಮಧುಶ್ರೀ ಠಾಣೆಗೆ ಬಂದರು. ಭಾನುವಾರ ಎರಡೂ ಕುಟುಂಬ ಸಂದೀಪ್ ಮನೆಯಲ್ಲೇ ಊಟಕ್ಕೆ ಸೇರಿದ್ದವು.

"ನಡುವೆ ಯಾರಾದ್ರೂ ಎದ್ದು ಹೋದ್ರಾ?"

"ಸುದರ್ಶನ್ ಹೋಗಿದ್ದ, ಸ್ಟವ್‌ಗೆ ಗ್ಯಾಸ್ ತರ್ತೀನಿ ಅಂತ," ಎಂದ ಸಂದೀಪ್. "ಒಂದೂವರೆಗೆ ಹೋದೋನು ಎರಡೂಕಾಲಿಗೆ ಬಂದ, ಬರೀ ಕೈಯಲ್ಲಿ. ಅಂಗಡಿ ಮುಚ್ಚಿದೆಯಂತೆ. ಪಾಯಸ ತಪ್ಪಿಸಿಕೊಳ್ಳೋಕೆ ಓಡಿಹೋಗಿದ್ದ ಅಂತ ನಾವೆಲ್ಲ ಆಡಿಕೊಂಡ್ವಿ."

ಮಧುಶ್ರೀಗೆ ನಗು ಬರಲಿಲ್ಲ. ಹಿಂದಿನ ರಾತ್ರಿ ಮೈಸೂರಿನಿಂದ ಫೋನ್ ಬಂದಿತ್ತು. ಅವಳ ತಂದೆಗೆ ಹೃದಯಾಘಾತ, ಗುರುವಾರ ಶಸ್ತ್ರಚಿಕಿತ್ಸೆ.

"ನನಗೆ ಇಂಗ್ಲೆಂಡೂ ಬೇಡ, ಕತ್ತೆನೂ ಬೇಡ ಮೇಡಂ. ಪಾಸ್‌ಪೋರ್ಟ್ ಇಲ್ಲದೆ ಊರಿಗೆ ಹೇಗೆ ಹೋಗ್ಲಿ? ಅಪ್ಪನ್ನ ನೋಡಬೇಕು."

"ಸುದರ್ಶನ್‌ಗೆ ಇದು ಗೊತ್ತಾ?"

"ಮೊದಲು ಫೋನ್ ಮಾಡಿದ್ದೇ ಅವರಿಗೆ. ಪೊಲೀಸರು ಏನಾದ್ರೂ ಹೇಳಿದ್ರಾ ಅಂತ ಕೇಳೋಕೆ. 'ಸಿಗತ್ತೆ, ಸಿಗತ್ತೆ' ಅಂತಷ್ಟೇ ಅಂದ್ರು."

ಮುಂದಿನ ಕೆಲಸ ಫೋನಿನಲ್ಲೇ ಮುಗಿಯಿತು. 11.20ಕ್ಕೆ ಎರಿಕ್ ಕ್ಯಾಂಪಿಂಗ್ ಸಾಮಾನಿನ ಅಂಗಡಿಯನ್ನು ವಿಚಾರಿಸಿದ. ಭಾನುವಾರ ಅದು ಸಂಜೆ ಆರರವರೆಗೂ ತೆರೆದಿತ್ತು. 1.05ಕ್ಕೆ ವರ್ಷಾ ಲಿಂಡ್‌ಹೋಲ್ಮೆನ್‌ನಲ್ಲಿರುವ ಸುದರ್ಶನ್‌ನ ಕಚೇರಿಗೆ ಫೋನ್ ಮಾಡಿದಳು. ಆ ಹೆಸರಿನವರು ಈಗ ಇಲ್ಲಿಲ್ಲ, ಫೆಬ್ರವರಿ 29 ಕೊನೆಯ ದಿನವಾಗಿತ್ತು ಎಂಬ ಉತ್ತರ ಬಂತು.

ಮಧ್ಯಾಹ್ನ 3ಕ್ಕೆ ಸುದರ್ಶನ್‌ನನ್ನು ಕರೆಸಿದರು. ಅವನು ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿಯೇ ಬಂದ. ವಕೀಲರು ಬೇಕೇ ಎಂದು ಕೇಳಿದಾಗ ಬೇಡವೆಂದ. ಅದನ್ನು ದಾಖಲಿಸಲಾಯಿತು.

"ಈಗ ಎಲ್ಲಿಂದ ಬಂದ್ರಿ?"

"ಆಫೀಸಿಂದ."

"ಯಾವ ಆಫೀಸು?"

ಅವನು ಚೀಲವನ್ನು ಹೆಗಲಿನಿಂದ ಇಳಿಸಿ ಕಾಲ ಬಳಿ ಇಟ್ಟ.

"ನಿನ್ನೆ ಅಂಗಡಿ ತೆಗೆದಿತ್ತು ಸುದರ್ಶನ್. ನೀವು ಅಲ್ಲಿಗೆ ಹೋಗಲೇ ಇಲ್ಲ." ವರ್ಷಾ ಫೋಟೊ ಮುಂದಿಟ್ಟಳು. "ಕಳ್ಳ ಬಾಗಿಲು ಮೀಟಿದ. ಸರಿ. ಆಮೇಲೆ ಒಗೆದ ಪಂಚೆ ಹುಡುಕಿ ತಂದು, ಹಾಸಿ, ದೇವರನ್ನ ಒಂದೊಂದಾಗಿ ಇಳಿಸಿ ಕೂರಿಸಿದ. ಎಣ್ಣೆ ಒಂದು ಹನಿ ಚೆಲ್ಲಲಿಲ್ಲ. ಹದಿಮೂರು ವರ್ಷದಲ್ಲಿ ಇಂಥ ಕಳ್ಳನ್ನ ನಾನು ನೋಡಿಲ್ಲ."

ಅವನು ಫೋಟೊವನ್ನು ತನ್ನತ್ತ ಎಳೆದುಕೊಂಡ.

"ಎಲ್ಲ ಕೆಳಗೆ ಬೀಳಿಸಬೇಕು ಅಂತಲೇ ಇದ್ದೆ," ಎಂದ. "ಕೈ ಬರಲಿಲ್ಲ."

"ಪಾಸ್‌ಪೋರ್ಟ್ ಎಲ್ಲಿ?"

"ನೆಲಮಾಳಿಗೆಯ ಸ್ಟೋರ್‌ನಲ್ಲಿ. ಹೊಸ ಟೆಂಟಿನ ಚೀಲದೊಳಗೆ. ಟ್ರಿಪ್ಪೇ ಇಲ್ಲ ಅಂದ ಮೇಲೆ ಅದನ್ನ ಯಾರೂ ಬಿಚ್ಚಲ್ಲ ಅಂದುಕೊಂಡೆ."

ಎರಿಕ್ ಸ್ಟೋರ್‌ಗೆ ಹೊರಟ. ವರ್ಷಾ ಪ್ರಶ್ನೆ ಮುಂದುವರಿಸಿದಳು.

"ಕೆಲಸ ಹೋಗಿದೆ ಅಂತ ಹೆಂಡತಿಗೆ ಹೇಳಬಹುದಿತ್ತಲ್ಲ?"

"ಮೊದಲ ವಾರ ಹೇಳಲಿಲ್ಲ. ಎರಡನೇ ವಾರ, ಮೊದಲ ವಾರ ಯಾಕೆ ಹೇಳಲಿಲ್ಲ ಅಂತಲೂ ಹೇಳಬೇಕಾಗಿತ್ತು." ಅವನು ನೀರು ಕುಡಿದ. "ಮೇ ತಿಂಗಳಲ್ಲಿ ಬೇರೆ ಕಡೆ ಕೆಲಸ ಸಿಕ್ತು ಮೇಡಂ. ವರ್ಕ್ ಪರ್ಮಿಟ್‌ಗೆ ಹೊಸದಾಗಿ ಅರ್ಜಿ ಹಾಕಿದೀನಿ, ಇನ್ನೂ ತೀರ್ಮಾನ ಆಗಿಲ್ಲ, ಅಲ್ಲಿವರೆಗೆ ಕೆಲಸಕ್ಕೆ ಸೇರೋ ಹಾಗಿಲ್ಲ. ಹಳೇ ಕಾರ್ಡು ಜೂನ್ 30ಕ್ಕೆ ಮುಗಿಯತ್ತೆ. ದೇಶದೊಳಗೇ ಇದ್ರೆ ತೀರ್ಮಾನ ಬರೋವರೆಗೂ ಇರಬಹುದು. ಒಂದು ಸಲ ದೇಶ ಬಿಟ್ಟು ಹೋದ್ರೆ ವಾಪಸ್ ಬಿಡಲ್ಲ."

"ರಜಾ ಇಲ್ಲ ಅಂದು ನೀವೊಬ್ಬರು ಉಳಿದುಕೊಳ್ಳಬಹುದಿತ್ತು."

"ನಾನು ಉಳಿದ್ರೆ ಅವರಿಬ್ಬರೇ ಹೋಗ್ತಿದ್ರು. ಅವರ ಪರ್ಮಿಟ್ಟೂ ನನ್ನದಕ್ಕೇ ಗಂಟು ಹಾಕಿರೋದು. ಹನ್ನೊಂದನೇ ತಾರೀಕು ಏರ್‌ಪೋರ್ಟಲ್ಲಿ ಮಗುನ ನಿಲ್ಲಿಸಿಬಿಡ್ತಿದ್ರು."

"ಸಂದೀಪ್ ಅವರದ್ದು ಯಾಕೆ ತಗೊಂಡ್ರಿ?"

"ಒಂದೇ ಲಕೋಟೆ. ಕಳ್ಳ ಆರಿಸಿ ಆರಿಸಿ ಕದಿಯಲ್ಲವಲ್ಲ."

"ಮಧುಶ್ರೀ ಫೋನ್ ಮಾಡಿದ ಮೇಲೂ ಸುಮ್ಮನಿದ್ರಿ."

"ಎರಡು ಸಲ ಕೆಳಗೆ ಹೋದೆ. ಎಲ್ಲಿ ಸಿಕ್ತು ಅಂತ ಹೇಳೋದು? ಮೆಟ್ಟಿಲ ಮೇಲೆ ಕೂತು ವಾಪಸ್ ಬಂದೆ."

3.50ಕ್ಕೆ ಎರಿಕ್‌ನಿಂದ ಫೋನ್ ಬಂತು. ಏಳೂ ಸಿಕ್ಕಿದವು. ಪ್ರಾಸಿಕ್ಯೂಟರ್ ಒಪ್ಪಿಗೆ ಪಡೆದು 4.10ಕ್ಕೆ ಸುದರ್ಶನ್‌ನನ್ನು ಬಂಧಿಸಲಾಯಿತು. ಆರೋಪ ಎರಡು: ಸುಳ್ಳು ದೂರು, ಬೇರೆಯವರ ದಾಖಲೆ ಬಚ್ಚಿಟ್ಟದ್ದು. ಮಧುಶ್ರೀಯ ಪಾಸ್‌ಪೋರ್ಟ್ ಆ ಸಂಜೆಯೇ ಅವಳ ಕೈ ಸೇರಿತು. ಮಂಗಳವಾರ ಬೆಳಗಿನ ವಿಮಾನಕ್ಕೆ ಅವಳು ಹೊರಟಳು.

ಶೋಭನಾ 5ಕ್ಕೆ ಬಂದಳು. ವರ್ಷಾ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ದಿನಾ ಬೆಳಿಗ್ಗೆ ಡಬ್ಬಿ ಕಟ್ಟಿಕೊಡ್ತಿದ್ದೆ," ಎಂದಳು ಶೋಭನಾ. "ಎಲ್ಲಿ ಕೂತು ತಿಂತಿದ್ರಂತೆ?"

"ಲೈಬ್ರರಿಯಲ್ಲಿ."



ಹೇಳಿಕೆಯ ಕೊನೆಯ ಪುಟದಲ್ಲಿ ಪ್ರೇರಣೆ ಎಂಬ ಕಾಲಂ ಇತ್ತು. ಲಾಭ, ದ್ವೇಷ ಎರಡೂ ಇಲ್ಲಿಗೆ ಹೊಂದುತ್ತಿರಲಿಲ್ಲ. ಮನೆಯಲ್ಲಿ ಎಲ್ಲರೂ ನಗುತ್ತ ಮಾತಾಡುತ್ತಿದ್ದ ವಿಷಯ ಆ ಪ್ರವಾಸವೊಂದೇ ಆಗಿತ್ತೆಂದೂ, ಅದನ್ನು ತನ್ನ ಬಾಯಿಂದ ಬೇಡವೆನ್ನಲು ಆಗಲಿಲ್ಲವೆಂದೂ ಆರೋಪಿ ಹೇಳಿದ್ದಾನೆ. ವರ್ಷಾ ಹಾಗೆಯೇ ಬರೆದಳು.

ಸುದರ್ಶನ್ ಪೆನ್ನು ಹಿಡಿದವನು ತಲೆಯೆತ್ತಿದ.

"ಈ ಕೇಸು ಪರ್ಮಿಟ್ ಆಫೀಸಿನವರಿಗೆ ಗೊತ್ತಾಗತ್ತಾ ಮೇಡಂ?"

"ಕೇಳಿದ್ರೆ ನಾವು ಹೇಳಬೇಕಾಗತ್ತೆ."

"ಕೇಳ್ತಾರಾ?"

"ಕೇಳ್ತಾರೆ."

ಅವನು ತಲೆಯಾಡಿಸಿ, ಪ್ರತಿ ಪುಟದ ಕೆಳಗೂ ಸಹಿ ಹಾಕಿದ.