ಲೆಕ್ಕದ ಮೇಷ್ಟ್ರು ಹೊರಗೇ ಉಳಿದರು

“ಬಾಗಿಲು ತೆಗಿಯಮ್ಮಾ! ನಾನು, ನಿಮ್ಮ ಮೇಷ್ಟ್ರು!”

ಬಾಗಿಲ ಆಚೆಯಿಂದ ಲೆಕ್ಕದ ಮೇಷ್ಟ್ರ ದನಿ ಬಂತು. ಈಚೆ ಕಡೆ ಹೂಂಪುಟ್ಟಿ ಚಿಲಕ ಹಿಡಿದು ನಿಂತಿದ್ದಳು.

ಅವಳಿಗೆ ಆ ಹೆಸರು ಇಟ್ಟದ್ದು ಕ್ಲಾಸಿನವರು. ಯಾರು ಏನು ಕೇಳಿದರೂ ಅವಳ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು, ಹೂಂ. “ನಿನ್ನ ಕಲರ್ ಪೆನ್ಸಿಲ್ ಕೊಡೇ” ಅಂದರೆ ಹೂಂ. “ಇವತ್ತು ನನ್ನ ಬದಲು ನೀನೇ ಬೋರ್ಡ್ ಒರೆಸು” ಅಂದರೂ ಹೂಂ. ಒಮ್ಮೆ ಯಾರೋ ತಮಾಷೆಗೆ “ನೀನೇನು ಕತ್ತೇನಾ?” ಎಂದು ಕೇಳಿದಾಗಲೂ ಬಾಯಿತಪ್ಪಿ ಹೂಂ ಅಂದುಬಿಟ್ಟಿದ್ದಳು.

ಅಂಥವಳನ್ನು ಇವತ್ತು ಬಾಗಿಲ ಕಾವಲಿಗೆ ನಿಲ್ಲಿಸಿದ್ದರು. ಬಾಗಿಲ ಪಕ್ಕದ ಬೆಂಚು ಅವಳದು, ಅಷ್ಟೇ ಕಾರಣ.

ಶಾಲೆಯಲ್ಲಿ ಅಂದು ಡ್ರಿಲ್ ಇತ್ತು. ಕೈಕಾಲು ಆಡಿಸುವ ಡ್ರಿಲ್ ಅಲ್ಲ. ಯಾರಾದರೂ ಕೆಟ್ಟವರು ಹೊಡೆದು ಬಡಿದು ಮಾಡಲು ಶಾಲೆಗೆ ನುಗ್ಗಿದರೆ ಏನು ಮಾಡಬೇಕು ಅನ್ನುವ ಡ್ರಿಲ್. “ಹಾಗೆಲ್ಲ ಆಗದೇ ಇರ್ಲಿ. ಆದ್ರೂ ಕೊಡೆ ಹೇಗೆ ಬಿಚ್ಚೋದು ಅಂತ ಮಳೆ ಬರೋ ಮೊದ್ಲೇ ಗೊತ್ತಿರ್ಬೇಕು, ಅಲ್ವಾ?” ಎಂದು ಡ್ರಿಲ್ ಮಾಡಿಸಲು ಬಂದಿದ್ದ ಪೊಲೀಸ್ ಮೇಡಂ ಬೆಳಿಗ್ಗೆ ನಗುತ್ತಾ ಹೇಳಿದ್ದರು.

ಉದ್ದ ಗಂಟೆ ಬಾರಿಸಿದ ಕೂಡಲೇ ಬಾಗಿಲಿಗೆ ಚಿಲಕ. ಲೈಟ್ ಆಫ್. ಎಲ್ಲರೂ ಗೋಡೆಯ ಬದಿ, ನೆಲದ ಮೇಲೆ. ಹೆಡ್‌ಮಿಸ್ ಮೈಕಿನಲ್ಲಿ ‘ಮುಗೀತು’ ಅನ್ನುವವರೆಗೆ ಬಾಗಿಲು ತೆಗೆಯುವ ಹಾಗಿಲ್ಲ.

“ಯಾರು ಬಂದ್ರೂ ತೆಗೀಬಾರ್ದು. ನಾನೇ ಬಂದು ಕಾಲಿಗೆ ಬಿದ್ರೂ ತೆಗೀಬಾರ್ದು!” ಎಂದು ಲೆಕ್ಕದ ಮೇಷ್ಟ್ರು ಮೇಜು ಗುದ್ದಿ ಹೇಳಿದ್ದರು.

ಗಂಟೆ ಬಾರಿಸಿತು. ಮಕ್ಕಳು ಗೋಡೆಗೆ ಅಂಟಿ ಕೂತರು. ಆಗ ಮೇಷ್ಟ್ರಿಗೊಂದು ಅನುಮಾನ. ಕಿಟಕಿಯಿಂದ ಯಾರ ತಲೆಯಾದರೂ ಕಾಣುತ್ತದೋ ಏನೋ? ನೋಡಿಬಿಡೋಣ ಎಂದು ಹೊರಗೆ ಕಾಲಿಟ್ಟರು. ಹೂಂಪುಟ್ಟಿ ಬಾಗಿಲು ಹಾಕಿ ಚಿಲಕ ಎಳೆದಳು. ಹಾಕು ಅಂದಿದ್ದರು, ಹಾಕಿದಳು.

“ನೀವೇ ಬಂದ್ರೂ ತೆಗೀಬಾರ್ದು ಅಂದಿದ್ರಲ್ಲ ಸರ್,” ಎಂದು ಈಗ ಪಿಸುಗುಟ್ಟಿದಳು.

“ಅಯ್ಯೋ, ಅದು ಮಾತಿಗೆ ಅಂದಿದ್ದು ಕಣಮ್ಮಾ!”

“ಮಾತಿಗೆ ಅಂತ ನೀವು ಹೇಳ್ಲಿಲ್ಲ ಸರ್.”

“ಈಗ ಹೇಳ್ತಿದೀನಲ್ಲ!”

“ಈಗ ನೀವು ಹೊರಗಿದೀರಿ ಸರ್.”

ಲೆಕ್ಕದ ಮೇಷ್ಟ್ರಿಗೂ ಈ ಲೆಕ್ಕ ಬಿಡಿಸಲು ಬರಲಿಲ್ಲ. ಒಳಗೆ ಒಬ್ಬಳು ಕಿಸಕ್ಕೆಂದು ನಕ್ಕು, ತನ್ನ ಬಾಯಿಯನ್ನು ತಾನೇ ಮುಚ್ಚಿಕೊಂಡಳು.

ಮೇಷ್ಟ್ರು ಗದರಿದರು. “ನಾಳೆ ಮಗ್ಗಿ ಬರೆಸಿ ಬರೆಸಿ ಕೈ ಬಿದ್ದುಹೋಗೋ ಹಾಗೆ ಮಾಡ್ತೀನಿ!” ಆಮೇಲೆ ಪುಸಲಾಯಿಸಿದರು. “ಹೋಗ್ಲಿ ಬಂಗಾರ, ಇವತ್ತು ಹೋಮ್‌ವರ್ಕೇ ಇಲ್ಲ. ಆಯ್ತಾ?”

ಅದನ್ನು ಕೇಳಿದ್ದೇ ತಡ, ಎಲ್ಲರೂ ಗುಡುಗು ಎಂದು ಕರೆಯುವ ಹುಡುಗ ನೆಲದ ಮೇಲೆ ತೆವಳುತ್ತಾ ಬಂದ. ಕ್ಲಾಸಿನಲ್ಲೇ ದೊಡ್ಡ ಬಾಯಿ ಅವನದು. “ಲೇ, ವಾರ ಪೂರ್ತಿ ಬೇಡ ಅಂತ ಕೇಳೇ. ಒಪ್ಪಿದ್ರೆ ತೆಗಿ!”

ಅಷ್ಟರಲ್ಲಿ ದೂರದಿಂದ ಬೂಟಿನ ಸದ್ದು. ಟಕ್, ಟಕ್, ಟಕ್. ಪೊಲೀಸ್ ಮೇಡಂ ಒಂದೊಂದೇ ಬಾಗಿಲು ತಳ್ಳಿ ನೋಡುತ್ತಾ ಬರುತ್ತಿದ್ದರು. ಹೊರಗೆ ಸಿಕ್ಕವರ ಎದೆಗೆ ಕೆಂಪು ಸ್ಟಿಕ್ಕರ್ ಅಂಟಿಸುತ್ತಾರಂತೆ.

“ಪುಟ್ಟೀ, ಸ್ಟಿಕ್ಕರ್ ಹಚ್ಚಿಬಿಡ್ತಾರೆ! ಸ್ಟಾಫ್ ರೂಮಲ್ಲಿ ನಾನು ಹೇಗೆ ಮುಖ ತೋರಿಸ್ಲಿ? ಒಂಚೂರು ಸಂದಿ ಮಾಡಮ್ಮಾ, ತೂರ್ಕೊಂಡು ಬಂದ್ಬಿಡ್ತೀನಿ!” ಮೇಷ್ಟ್ರು ಅಳುವುದೊಂದೇ ಬಾಕಿ.

ಪಾಪ ಅನ್ನಿಸಿತು. ಹೂಂಪುಟ್ಟಿಯ ಕೈ ಚಿಲಕವನ್ನು ಅರ್ಧ ಸರಿಸಿತು.

ಯಾರೋ ಸ್ಕರ್ಟ್ ಎಳೆದ ಹಾಗಾಯಿತು. ತಿರುಗಿ ನೋಡಿದಳು. ಗುಡುಗು. ಬೂಟಿನ ಸದ್ದು ಹತ್ತಿರ ಬಂದ ಹಾಗೆ ಅವನು ಅವಳ ಸ್ಕರ್ಟಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ. ಇದು ಬರೀ ಡ್ರಿಲ್ ಎಂದು ಅವನಿಗೂ ಗೊತ್ತು. ಆದರೂ ಹಿಡಿದುಕೊಂಡಿದ್ದ. ಅವನ ಹಿಂದೆ ಮಬ್ಬಿನಲ್ಲಿ ಉಳಿದವರೆಲ್ಲ ಮೊಣಕಾಲು ತಬ್ಬಿ ಅವಳ ಕೈಯನ್ನೇ ನೋಡುತ್ತಿದ್ದರು.

“ಇಲ್ಲ ಸರ್,” ಎಂದಳು ಹೂಂಪುಟ್ಟಿ. ಚಿಲಕ ಮತ್ತೆ ಪೂರ್ತಿ ಹಾಕಿದಳು.

ಹಾಗೆಂದು ಮೇಷ್ಟ್ರನ್ನು ಕೈಬಿಡಲು ಮನಸ್ಸು ಬರಲಿಲ್ಲ. ಬಾಗಿಲ ಸಂದಿಗೆ ಬಾಯಿಟ್ಟಳು. “ಸರ್, ಹೊರಗೆ ಸಿಕ್ಕಿಹಾಕ್ಕೊಂಡೋರು ಹತ್ರ ಇರೋ ರೂಮಿಗೆ ಹೋಗಿ ಬಾಗಿಲು ಹಾಕ್ಕೋಬೇಕಂತೆ. ಮೇಡಂ ಹೇಳಿದ್ರಲ್ಲ! ಪಕ್ಕದಲ್ಲೇ ನರ್ಸರಿ ಟಾಯ್ಲೆಟ್ ಇದೆ!”

“ಅದ್ರೊಳಗೆ ನಾನು ಹಿಡಿಸ್ತೀನಾ?”

“ಬಗ್ಗಿ ಸರ್, ಬಗ್ಗಿ!”

ದಡಬಡ ಓಡಿದ ಸದ್ದು. ಬಕೆಟ್ ಉರುಳಿದ ಸದ್ದು. “ಅಮ್ಮಾ, ಮಂಡಿ!” ಆಮೇಲೆ ಒಂದು ಪುಟ್ಟ ಚಿಲಕದ ಸದ್ದು.

ಬೂಟು ಬಂದು ಕ್ಲಾಸಿನ ಮುಂದೆ ನಿಂತಿತು. “ಹೆಡ್‌ಮಿಸ್ ಕಳಿಸಿದಾರೆ. ತೆಗೀರಿ ಮಕ್ಳೇ,” ಎಂದರು ಮೇಡಂ, ಬೆಣ್ಣೆಯಂಥ ದನಿಯಲ್ಲಿ.

ಹೂಂಪುಟ್ಟಿ ಚಿಲಕವನ್ನು ಒತ್ತಿ ಹಿಡಿದಳು. ಬೂಟು ಮುಂದೆ ಹೋಯಿತು.

ಆಗಲೇ ನರ್ಸರಿ ಟಾಯ್ಲೆಟ್ಟಿನಿಂದ ಒಂದು ಸೀನು. “ಆಆಆಕ್ಷೀ!” ಕಿಟಕಿಯ ಗಾಜು ಅದುರಿತು.

“ಯಾರದು ಒಳಗೆ?”

ಕೀರಲು ದನಿಯೊಂದು ಬಂತು. “ನಾನು ನರ್ಸರಿ ಪಾಪು, ಮಿಸ್ಸ್.”

“ಓಹೋ! ಪಾಪುಗೆ ಮೀಸೆ ಬಂದ ಹಾಗಿದೆ,” ಎಂದರು ಮೇಡಂ. ಅವರ ನಗು ವರಾಂಡದ ಕೊನೆಯವರೆಗೂ ಕೇಳುತ್ತಿತ್ತು. ಒಳಗಿದ್ದವರು ಸದ್ದು ಮಾಡದೆ ನಗಲು ಹೋಗಿ ಒಬ್ಬರ ಮೇಲೊಬ್ಬರು ಉರುಳಿಬಿದ್ದರು.

ಕೊನೆಗೂ ಮೈಕಿನಲ್ಲಿ ಹೆಡ್‌ಮಿಸ್ “ಮುಗೀತು” ಎಂದರು. ಹೂಂಪುಟ್ಟಿ ಚಿಲಕ ತೆಗೆದು ಬಾಗಿಲನ್ನು ಹಾರುಹೊಡೆದಳು. ಕ್ಲಾಸೆಲ್ಲ ಹೋ ಎಂದು ಕೂಗಿ, ಒಮ್ಮೆಲೇ ತಣ್ಣಗಾಯಿತು.

ಮೇಷ್ಟ್ರು ಬರುತ್ತಿದ್ದರು. ಪ್ಯಾಂಟು ಮಂಡಿಯವರೆಗೆ ಒದ್ದೆ. ತಲೆಯ ಮೇಲೆ ಜೇಡರ ಬಲೆ. ಹೊಸಿಲಿನಲ್ಲಿ ನಿಂತರು. ಬಾಗಿಲು ಪೂರ್ತಿ ತೆರೆದೇ ಇತ್ತು. ಆದರೂ ಬೆರಳು ಮಡಚಿ ಟಕಟಕ ಬಡಿದು, ಹೂಂಪುಟ್ಟಿಯನ್ನೇ ನೋಡಿದರು.

“ಒಳಗೆ ಬರಬಹುದಾ?”

“ಹೂಂ ಅನ್ನೇ ಬೇಗ!” ಗುಡುಗು ಹಿಂದಿನಿಂದ ತಿವಿದ.

ಹೂಂಪುಟ್ಟಿ ಅವಸರ ಮಾಡಲಿಲ್ಲ. ಬೆಳಗಾದರೆ ಎಷ್ಟೋ ಸಲ ಹೂಂ ಅನ್ನುತ್ತಿದ್ದಳು. ಅದಕ್ಕಾಗಿ ಯಾರೂ ಹೀಗೆ ಬಾಗಿಲಲ್ಲಿ ನಿಂತು ಕಾದಿರಲಿಲ್ಲ. ಮೇಷ್ಟ್ರ ಮೀಸೆಯ ಕೆಳಗೆ ನಗು ಅಡಗಿ ಕೂತಿರುವುದು ಕಂಡಿತು.

“ಹೂಂ,” ಎಂದಳು. “ಬನ್ನಿ ಸರ್.”