ಗುಳ್ಳೆಯಿಲ್ಲದ ಒಂದು ಬಾಟಲಿ ನೀರು

ಕೆರೆಯ ನಟ್ಟನಡುವಿನ ತಳದಿಂದ ಒಂದು ಬಾಟಲಿ ನೀರು ತರಬೇಕು. ಒಳಗೆ ಗಾಳಿಗುಳ್ಳೆ ಸೇರಬಾರದು. ಸೇರಿದರೆ ನೀರಿನಲ್ಲಿ ಆಮ್ಲಜನಕ ಇದೆಯೋ ಇಲ್ಲವೋ ಎಂಬ ಪರೀಕ್ಷೆ ಸುಳ್ಳಾಗುತ್ತದೆ. ಪರೀಕ್ಷೆ ಕೆಟ್ಟರೆ ಇಮಾಮಹುಸೇನನ ಮೀನಿನ ಗುತ್ತಿಗೆ ಹೋಗುತ್ತದೆ. ಮೀನು ರಾಶಿರಾಶಿ ಸತ್ತು ತೇಲಿದ್ದು ಅವನು ಹಾಕಿದ ವಿಷದಿಂದಲೇ ಎಂದು ಕೆರೆ ಸಮಿತಿಯ ಮಹಾದೇವಪ್ಪ ಹಟ ಹಿಡಿದಿದ್ದ.

ನಸುಕಿನಲ್ಲಿ, ಹೆಬ್ಬಳ್ಳಿ ಆಚೆಯ ಆ ಕೆರೆಗೆ ಹರಗೋಲು ಇಳಿಯಿತು. ಹುಟ್ಟು ಇಮಾಮಹುಸೇನನ ಕೈಯಲ್ಲಿ, ಬಾಟಲಿಗಳು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ರೂಬಿಯ ಮಡಿಲಲ್ಲಿ. ಅವಳ ತಮ್ಮ ಟೈಟಸ್ ತಂದದ್ದು ಬಾಯಿಯೊಂದೇ.

"ಅಕ್ಕಾ, ಇದು ಕೆರಿಯೋ ಕೊತ್ತಂಬರಿ ಮಡಿಯೋ?"

ಕಣ್ಣು ಹರಿದಷ್ಟೂ ಅಂತರಗಂಗೆ. ಹೊಲಗಳಿಂದ ತೊಳೆದು ಬಂದ ಯೂರಿಯಾ, ಊರ ಗಟಾರದ ನೀರು, ಎರಡನ್ನೂ ಉಂಡು, ಅಜ್ಜಿಯ ಕತೆಯಲ್ಲಿ ಹಂಡೆಗಟ್ಟಲೆ ಅನ್ನ ಮುಗಿಸಿಯೂ ಹಸಿವೆನ್ನುವ ರಕ್ಕಸಿಯಂತೆ ಆ ಕಳೆ ಹಬ್ಬಿತ್ತು. ಸಂದಿಗಳಲ್ಲಿ ಹಸಿರು ಬಣ್ಣ ಕದಡಿದಂಥ ಪಾಚಿ. ಮುಳುಗಲು ಜಾಗ ಕಾಣದ ಗುಳುಮುಳುಕ ಹಕ್ಕಿಯೊಂದು ಎಲೆಗಳ ಮೇಲೆ ಪೆಚ್ಚಾಗಿ ಕೂತಿತ್ತು. ಅಳಿದುಳಿದ ಮೀನುಗಳು ಬಾಯಿ ಮೇಲೆತ್ತಿ ಗಾಳಿ ಗುಟುಕರಿಸುತ್ತಿದ್ದವು.

ನಡುವೆ ನೀರು ಸೇದಿದರು. ಟೈಟಸ್ ಬಿರಡೆ ಒತ್ತಿದ. ಒಳಗೆ ಸಾಸಿವೆಯಷ್ಟು ಗುಳ್ಳೆ.

ಎರಡನೆಯದರಲ್ಲೂ ಗುಳ್ಳೆ.

"ನಿನಗೊಂದು ಸೋಡಾ ಅಂಗಡಿ ಹಾಕಿ ಕೊಡ್ತೇನಿ," ರೂಬಿ ಹಲ್ಲು ಕಡಿದಳು. "ತಾ ಇಲ್ಲೆ."

ಕೊನೆಯ ಬಾಟಲಿಯನ್ನು ತುಂಬಿ ಹೊರಚೆಲ್ಲುವವರೆಗೆ ಕಾದು ತಾನೇ ಮುಚ್ಚಿದಳು. ಗುಳ್ಳೆಯಿಲ್ಲ.

ಅಷ್ಟರಲ್ಲಿ ಗಾಳಿ ಬೀಸಿತು. ಕಳೆಯ ಚಾಪೆ ಸರಿದು ಬಂದು ದಾರಿ ಮುಚ್ಚಿತು.

ಇಮಾಮಹುಸೇನ ಬೇರು ಕೊಯ್ದ. ಕೊಯ್ದಷ್ಟೂ ಕೂಡಿಕೊಂಡಿತು. ಹರಗೋಲು ವಾಲಿತು, ನೀರು ನುಗ್ಗಿತು.

"ಇಳೀರಿ, ಎದಿಮಟ ಐತಿ ಅಷ್ಟ."

ಮೂವರೂ ಧುಮುಕಿದರು. ಕೆಸರು ಕಾಲು ಹಿಡಿಯಿತು, ಕೊಳೆತ ಮೊಟ್ಟೆಯ ನಾತ ಎದ್ದಿತು. ರೂಬಿ ಬಾಟಲಿಯನ್ನು ತಲೆಯ ಮೇಲೆ ಹಿಡಿದು, ಇದ್ದಬದ್ದವರನ್ನೆಲ್ಲ ಬೈಯುತ್ತ, ಹೆಜ್ಜೆ ಕಿತ್ತು ಕಿತ್ತು ದಂಡೆ ಸೇರಿದಳು. ಚಪ್ಪಲಿ ಕೆರೆಯ ಪಾಲಾಗಿದ್ದವು.

ಮಹಾದೇವಪ್ಪ ಕಾದು ನಿಂತಿದ್ದ. "ಹೊಲಸು ನೀರು ತರಾಕ ಇಷ್ಟು ಆಟಾ ಏನ್ರಿ, ಮೇಡಂ?"

"ನೋಡ್ರಿ. ಕಂದಾದ್ರ ನೀರಾಗ ಉಸಿರೈತಿ. ಬೆಳ್ಳಗಾದ್ರ ಇಲ್ಲ."

ದಂಡೆಯಲ್ಲಿ ಇಟ್ಟುಹೋಗಿದ್ದ ಬಾವಿಯ ನೀರಿಗೆ ರೂಬಿ ಪರೀಕ್ಷೆಯ ಔಷಧ ಹನಿಸಿದಳು. ಚಹಾದಂತೆ ಕಂದಾಯಿತು. ಕೆರೆಯ ನೀರಿಗೆ ಹನಿಸಿದಳು. ಹಾಲಿನಂತೆ ಬೆಳ್ಳಗೆ ಕೂತುಬಿಟ್ಟಿತು.

"ನಿಮ್ಮ ಹೊಲದ ಯೂರಿಯಾ, ಊರ ಗಟಾರಾ. ಪಾಚಿ ಅದನ್ನ ಉಂಡು ಬೆಳೀತು, ಸತ್ತು ಕೊಳೀತು, ನೀರಿನ ಉಸಿರೆಲ್ಲಾ ನುಂಗ್ತು. ಮೀನಾ ಉಸಿರುಗಟ್ಟಿ ಸತ್ತಾವ, ಕಾಕಾ."

ಮಹಾದೇವಪ್ಪ ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ.

"ಗುತ್ತಿಗಿ ನಿಂದಾ ಇರ್ಲಿ ತಗೋ, ಹುಸೇನಾ," ಎಂದ, ಅವನ ಮುಖ ನೋಡದೆ. "ಮತ್ತ ಈ ಕಳಿ?"

"ಗುತ್ತಿಗಿ ಮೀನಿಂದು. ಕಳಿ ನೀವು ಬೆಳೆಸಿದ್ರಿ," ಎಂದ ಇಮಾಮಹುಸೇನ, ಅಂಗಿ ಹಿಂಡುತ್ತ. "ನೀವಾ ಕೊಯ್ರಿ."